ತಾಳಿಕೋಟೆಯ ಇಸಿಜಿ ಕೋಣೆಯಲ್ಲಿ

ಹೊರಗಿನವರಿಗೆ ತಾಳಿಕೋಟೆ ಎಂದರೆ 1565ರ ಯುದ್ಧ. ಊರವರಿಗೆ ಖಾಸ್ಗತೇಶ್ವರ ಮಠ, ತೊಗರಿ, ಬಿಳಿಜೋಳ, ಮಳೆಗಾಲದಲ್ಲಿ ಉಕ್ಕಿ ಹಾದಿ ಕಟ್ಟಿಹಾಕುವ ಡೋಣಿ ಹೊಳೆ. ನಾನು ಬಂದದ್ದು ಪೇಟೆಯ ಒಂದು ಸಣ್ಣ ಆಸ್ಪತ್ರೆಯ ಇಸಿಜಿ ಕೋಣೆ ನೋಡಲು.

ಕೋಣೆಯಲ್ಲಿ ರೆಕ್ಸಿನ್ ಹೊದಿಸಿದ ಒಂದು ಮಂಚ, ಅದಕ್ಕೊಂದು ಪರದೆ, ಟ್ರಾಲಿಯ ಮೇಲೆ ಟಿಫಿನ್ ಡಬ್ಬಿಗಿಂತ ತುಸು ದೊಡ್ಡ ಯಂತ್ರ. ಕರೆಂಟ್ ಹೋದರೂ ನಡೆಯುವಂತೆ ಒಳಗೇ ಬ್ಯಾಟರಿ. ಯಂತ್ರದಿಂದ ಹತ್ತು ವೈರುಗಳು ಹೊರಟಿವೆ. ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಉಳಿದ ಆರು, ಎದೆಯ ಮೇಲೆ ಗಾಳಿ ಹಿಂಡಿ ಅಂಟಿಸುವ ರಬ್ಬರ್ ಬುರುಡೆಗಳು. ಈ ಹತ್ತರಿಂದ ಯಂತ್ರ ಹನ್ನೆರಡು ದಿಕ್ಕಿನಿಂದ ಹೃದಯವನ್ನು ನೋಡುತ್ತದೆ.

ಮಂಚದ ಮೇಲೆ ಮಲಗಿದ್ದವರು ಹೊಲದಿಂದ ನೇರ ಬಂದ ಹಿರಿಯರು. ಜೆಲ್ಲಿ ಹಚ್ಚುವ ಹುಡುಗಿಯ ಕೈಯನ್ನೇ ನೋಡುತ್ತ ಕೇಳಿದರು: “ಕರೆಂಟ್ ಹೊಡಿತೈತೇನವ್ವಾ?”

“ಇಲ್ರಿ ಕಾಕಾ, ನಾವೇನೂ ಕರೆಂಟ್ ಕೊಡೂದಿಲ್ಲ. ನಿಮ್ಮ ಮೈಯಾಗ ಇರೂದನ್ನ ನೋಡತೀವಿ, ಅಷ್ಟ. ಕೈ ಸಡ್ಲ ಬಿಡ್ರಿ.”

ಆಕೆ ಹೇಳಿದ್ದು ಅಕ್ಷರಶಃ ನಿಜ. ಪ್ರತಿ ಬಡಿತಕ್ಕೂ ಮೊದಲು ಹೃದಯದ ಮೇಲ್ಭಾಗದಲ್ಲಿ ಒಂದು ವಿದ್ಯುತ್ ಸಂಕೇತ ಹುಟ್ಟಿ ಕೆಳಗಿನ ಕೋಣೆಗಳಿಗೆ ಹರಡುತ್ತದೆ. ಚರ್ಮದ ಮೇಲೆ ಸಿಗುವುದು ಅದರ ಅಳಿದುಳಿದ ಅಂಶ, ಸುಮಾರು ಒಂದು ಮಿಲಿವೋಲ್ಟ್. ಗಡಿಯಾರಕ್ಕೆ ಹಾಕುವ ಒಂದು ಶೆಲ್ಲಿನಲ್ಲಿ ಇಂಥ 1,500 ಮಿಲಿವೋಲ್ಟ್ ಇರುತ್ತವೆ. ಅಷ್ಟು ಸಣ್ಣದನ್ನು ಯಂತ್ರ ಹಿಗ್ಗಿಸಿ, ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಚೌಕಳಿ ಕಾಗದದ ಮೇಲೆ ಬರೆಯುತ್ತದೆ. ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡ್.

ಮೊದಲು ಬಂದ ಗೆರೆ ಮುಳ್ಳುಮುಳ್ಳಾಗಿತ್ತು. ಹುಡುಗಿ ಕಾಗದ ಹರಿದು ಬದಿಗಿಟ್ಟಳು. ಕಾಕಾ ಅಂಜಿಕೆಯಿಂದ ಮುಷ್ಟಿ ಬಿಗಿಹಿಡಿದಿದ್ದರು. ಬಿಗಿದ ಸ್ನಾಯುವಿನ ವಿದ್ಯುತ್ತು ಹೃದಯದ ಗೆರೆಯೊಳಗೆ ನುಗ್ಗಿತ್ತು. ಆಕೆ ಬೆರಳು ಒಂದೊಂದಾಗಿ ಬಿಡಿಸಿ, ಉಸಿರು ನಿಧಾನ ಮಾಡಿಸಿ, ಇನ್ನೊಮ್ಮೆ ಬಟನ್ ಒತ್ತಿದಳು. ಈ ಸಲ ಗೆರೆ ತಿಳಿಯಾಗಿ ಬಂತು. ಇಡೀ ಕೆಲಸಕ್ಕೆ ಐದು ನಿಮಿಷ ಹಿಡಿದಿರಬೇಕು.

ಆಕೆ ಆ ಕಾಗದದ ಫೋಟೊ ತೆಗೆದು ಡಾಕ್ಟರ ಮೊಬೈಲಿಗೆ ಕಳಿಸಿದಾಗ ನನಗೆ ಹಾಲೆಂಡಿನ ವಿಲ್ಲೆಮ್ ಐಂಥೋವನ್ ನೆನಪಾದ. ಆತನ ಮೊದಲ ಯಂತ್ರದ ತೂಕ ಸುಮಾರು 270 ಕಿಲೊ. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದೆ ಆತ ಟೆಲಿಫೋನ್ ತಂತಿಯ ಮೂಲಕವೇ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ರೋಗಿಯ ಎದೆಬಡಿತ ತರಿಸಿಕೊಂಡ. ಇಪ್ಪತ್ತನೇ ಶತಮಾನದ ಮೊದಲ ದಶಕದ ಮಾತಿದು. 1924ರಲ್ಲಿ ಆತನಿಗೆ ನೊಬೆಲ್ ಬಂತು. ದೂರದ ತಜ್ಞರಿಗೆ ಗೆರೆ ಕಳಿಸುವ ಉಪಾಯ ಇಸಿಜಿಯಷ್ಟೇ ಹಳೆಯದು ಅನ್ನಬೇಕು.

ನಮ್ಮಲ್ಲಿ ಅದನ್ನು ಹಳ್ಳಿಗೆ ಒಯ್ದವರಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಗೆರೆಗಳನ್ನು ಓದಿ ಹೇಳುವ ವ್ಯವಸ್ಥೆ ಕಟ್ಟಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಲವತ್ತಾರರ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದ ಮೇಲೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ಅದರಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ರಕ್ತನಾಳ ಕಟ್ಟಿಕೊಂಡಿರುವುದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಈ ಭಾಗಕ್ಕೆ ಕಲಬುರಗಿಯಲ್ಲೂ ಜಯದೇವ ಇದೆ. 2024ರ ಡಿಸೆಂಬರಿನಲ್ಲಿ ಅದರ 371 ಹಾಸಿಗೆಗಳ ಹೊಸ ಕಟ್ಟಡ ತೆರೆಯಿತು. ಆದರೆ ಕಲಬುರಗಿ ಮುಟ್ಟುವ ತನಕ ಹೃದಯದ ಸ್ನಾಯು ಕಾಯುವುದಿಲ್ಲ. ಅದಕ್ಕೇ ಇಲ್ಲಿಯ ಈ ಕಾಗದ ಮುಖ್ಯ.

ಹುಡುಗಿ ಬೇಡವೆಂದು ಬದಿಗಿಟ್ಟ ಮುಳ್ಳುಗೆರೆಯನ್ನು ನಾನು ಎತ್ತಿಕೊಂಡು ನೋಡಿದೆ. ಹೃದಯದ ಪರೀಕ್ಷೆಯಲ್ಲಿ ಅಡ್ಡಿಯಾದ ಈ ಸ್ನಾಯುವಿನ ವಿದ್ಯುತ್ತನ್ನೇ ಹುಡುಕಿಕೊಂಡು ಹೋಗುವ ಪರೀಕ್ಷೆಯೂ ಒಂದಿದೆ, ಇಎಂಜಿ. ಕೂದಲಿನಂಥ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸುತ್ತಾರೆ. ವಿಶ್ರಾಂತಿಯಲ್ಲಿರುವ ಒಳ್ಳೆಯ ಸ್ನಾಯು ಮೌನವಾಗಿರುತ್ತದೆ. ನರದ ನಂಟು ಕಡಿದುಹೋದ ಸ್ನಾಯು ಮಾತ್ರ, ಸುಮ್ಮನಿದ್ದಾಗಲೂ, ಯಂತ್ರದ ಸ್ಪೀಕರಿನಲ್ಲಿ ತಗಡಿನ ಮೇಲೆ ಬೀಳುವ ಮಳೆಹನಿಯಂತೆ ಸದ್ದು ಮಾಡುತ್ತದೆ. ಇದರ ಜೊತೆಗಾರ ಎನ್‌ಸಿಎಸ್, ನರದ ವೇಗ ಅಳೆಯುವ ಪರೀಕ್ಷೆ. ಇದರಲ್ಲಿ ನಿಜವಾಗಿಯೂ ಸಣ್ಣ ಶಾಕ್ ಕೊಡುತ್ತಾರೆ. ಮಣಿಕಟ್ಟಿಗೆ ಕೊಟ್ಟರೆ ಹೆಬ್ಬೆರಳು ಚಿಮ್ಮುತ್ತದೆ. ಆರೋಗ್ಯವಂತರ ಕೈಯ ನರದಲ್ಲಿ ಸಂಕೇತ ಸೆಕೆಂಡಿಗೆ 50ರಿಂದ 60 ಮೀಟರ್ ಓಡುತ್ತದೆ. ನರದ ಹೊದಿಕೆ ಹಾಳಾದರೆ ವೇಗ ಕುಸಿಯುತ್ತದೆ, ಒಳಗಿನ ಎಳೆಯೇ ಸತ್ತರೆ ಅಲೆಯ ಎತ್ತರ ತಗ್ಗುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲಿನ ಜುಮ್ಮು, ಕುಷ್ಠದಲ್ಲಿ ಮೊಣಕೈ ಬಳಿ ದಪ್ಪಗಾಗುವ ನರ, ರೊಟ್ಟಿ ಬಡಿದು ಬಟ್ಟೆ ಹಿಂಡಿ ದಣಿದ ಕೈಗೆ ರಾತ್ರಿ ಹಿಡಿಯುವ ಜೋಮು, ಇವುಗಳ ಬೇರು ಎಲ್ಲಿದೆ ಎಂಬುದನ್ನು ಈ ಎರಡು ಪರೀಕ್ಷೆಗಳು ತೋರಿಸಬಲ್ಲವು.

ನಾನು ನಿಂತಿದ್ದ ಕೋಣೆಯಲ್ಲಿ ಇವು ಇರಲಿಲ್ಲ. ನರದ ಪರೀಕ್ಷೆ ಎಂದರೆ ಇಲ್ಲಿಯವರು ವಿಜಯಪುರ, ಕಲಬುರಗಿ, ಹುಬ್ಬಳ್ಳಿ ಎನ್ನುತ್ತಾರೆ. ಮಕ್ಕಳಿಗೆ ಫಿಟ್ಸ್ ಬಂದು, ಮಿದುಳಿನ ಇಇಜಿ ತೆಗೆಸಿಯೂ ತಿಳಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಮಿದುಳಿನ ಸಂಕೇತ ಹೃದಯದ್ದಕ್ಕಿಂತಲೂ ಹತ್ತಾರು ಪಟ್ಟು ಕ್ಷೀಣ. ತಲೆಯಲ್ಲಿ ಎಣ್ಣೆ ಇದ್ದರೂ ಅಳತೆ ಕೆಡುತ್ತದೆ. ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಬೇಕೆಂದು ಮೊದಲೇ ಯಾರೂ ಹೇಳದಿದ್ದರೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದ ತಾಯಿ ಅಲ್ಲಿ ಮತ್ತೆ ಕಾಯಬೇಕಾಗುತ್ತದೆ. ಒಂದು ದಿನದ ಕೂಲಿ ಕಳೆದುಕೊಂಡು ಕೈ ಜೋಮಿಗೆ ಪರೀಕ್ಷೆ ಮಾಡಿಸುವವರು ಎಷ್ಟು ಮಂದಿ? ಬಹಳ ಜನ ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಹಿಡಿತ ಹೋಗಿ ತಂಬಿಗೆ ಕೈಜಾರುವ ಹೊತ್ತಿಗೆ ನರ ಸಾಕಷ್ಟು ಸವೆದಿರುತ್ತದೆ. ಎದೆಯ ಗೆರೆ ತಾಳಿಕೋಟೆಗೆ ಬಂದಂತೆ ನರದ ಗೆರೆಯೂ ಬರಬೇಕು. ತಿಂಗಳಿಗೊಮ್ಮೆ ಯಂತ್ರದೊಂದಿಗೆ ತಜ್ಞರೊಬ್ಬರು ತಾಲ್ಲೂಕಿಗೆ ಬಂದು ಹೋದರೂ ಸಾಕು. ಲ್ಯಾಪ್‌ಟಾಪಿಗೆ ಜೋಡಿಸಿ ಒಯ್ಯುವ ಯಂತ್ರಗಳು ಈಗ ಇವೆ, ಆಗದ ಮಾತೇನಲ್ಲ.

ಇರುವುದನ್ನಾದರೂ ಹೊತ್ತಿಗೆ ಸರಿಯಾಗಿ ಬಳಸಿಕೊಳ್ಳಬೇಕು. “ಗ್ಯಾಸ್ ಆಗೈತಿ” ಎಂದು ಸೋಡಾ ಕುಡಿದು ಬೆಳಗಿನ ತನಕ ಕಾಯುವವರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದರೆ 108ಕ್ಕೆ ಫೋನ್ ಮಾಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. ಮೊದಲ ಇಸಿಜಿ ಸರಿ ಬಂದರೂ ನೋವು ನಿಲ್ಲದಿದ್ದರೆ ಇನ್ನೊಮ್ಮೆ ತೆಗೆಯಲು ಕೇಳಿ, ಏಕೆಂದರೆ ಆರಂಭದಲ್ಲಿ ಗೆರೆ ಬದಲಾಗದೆಯೂ ಇರಬಹುದು. ಆ ಕಾಗದ ಬಿಸಿಗೆ, ಬಿಸಿಲಿಗೆ ಮಾಸುತ್ತದೆ. ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ. ಮುಂದೆ ನಿಮ್ಮನ್ನು ನೋಡುವ ಡಾಕ್ಟರು ಮೊದಲು ಕೇಳುವುದು ಹಳೆಯ ಇಸಿಜಿಯನ್ನೇ.