ಮುದ್ರಿತ ವಿದ್ಯುನ್ಮಂಡಲ ಫಲಕದ ರಚನಾನಿಯಮಗಳು

ರೇಡಿಯೋ ಮೊದಲಾದ ಯಂತ್ರಗಳ ಒಳಗೆ ಕಾಣುವ ಹಸುರು ಹಲಗೆಗೆ ಮುದ್ರಿತ ವಿದ್ಯುನ್ಮಂಡಲ ಫಲಕವೆಂದು ಹೆಸರು. ವ್ಯವಹಾರದಲ್ಲಿ ಸರ್ಕ್ಯೂಟ್ ಬೋರ್ಡ್ ಎನ್ನುವರು. ತಂತಿಗಳಿಗೆ ಬದಲಾಗಿ ಹಲಗೆಗೆ ಅಂಟಿಸಿದ ತಾಮ್ರದ ತಗಡನ್ನೇ ರೇಖಾರೂಪವಾಗಿ ಉಳಿಸಿಕೊಳ್ಳುವ ಈ ಕ್ರಮವನ್ನು ವಿಯೆನ್ನಾ ನಗರದ ಪಾಲ್ ಐಸ್ಲರನು 1936ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಒಂದು ರೇಡಿಯೋವಿನಲ್ಲಿ ಪ್ರಯೋಗಿಸಿದನು. ಈಗ ಗಣಕಯಂತ್ರದಲ್ಲಿ ಚಿತ್ರವನ್ನು ರಚಿಸಿ ಕಾರ್ಖಾನೆಗೆ ಕಳುಹಿಸಿದರೆ ಫಲಕವು ಸಿದ್ಧವಾಗಿ ಬರುತ್ತದೆ. ಆದರೆ ರೇಖೆಯ ಅಗಲವೆಷ್ಟು, ರೇಖೆಗಳ ನಡುವಣ ಅಂತರವೆಷ್ಟು, ರಂಧ್ರದ ವ್ಯಾಸವೆಷ್ಟು ಎಂಬುದನ್ನು ಮೊದಲೇ ನಿಯಮರೂಪವಾಗಿ ಗೊತ್ತುಪಡಿಸಬೇಕು.

ನೂತನಾಭ್ಯಾಸಿಗಳು ಎಡವುವುದು ಇಲ್ಲಿಯೇ. 0.15 ಮಿಲಿಮೀಟರಿನ ರೇಖೆಯನ್ನೂ ಮಾಡಿಕೊಡುವೆವೆಂದು ಕಾರ್ಖಾನೆಯವರು ಪ್ರಕಟಿಸಿದ್ದರೆ, ಅದನ್ನೇ ನಿಯಮವೆಂದು ಬಗೆಯುವರು. ಅದು ಶಕ್ಯವಾದುದರ ಎಲ್ಲೆಯೇ ಹೊರತು ಯುಕ್ತವಾದುದರ ಪ್ರಮಾಣವಲ್ಲ. ತಾಮ್ರದ ದಪ್ಪವು ಸಾಮಾನ್ಯವಾಗಿ 0.035 ಮಿಲಿಮೀಟರ್. ಬೇಡದ ತಾಮ್ರವನ್ನು ಕರಗಿಸುವ ದ್ರಾವಕವು ಕೆಳಕ್ಕಿಳಿಯುತ್ತ ಪಕ್ಕಕ್ಕೂ ತಿನ್ನುತ್ತದೆ. ರೇಖೆಯು ತೀರ ಸಣ್ಣದಾದರೆ ನಡುವೆ ಕಡಿಯಬಹುದು. ಅಂತರವು ಕಿರಿದಾದರೆ ತಾಮ್ರದ ಎಳೆಯುಳಿದು ಎರಡು ರೇಖೆಗಳು ಕೂಡಿಕೊಳ್ಳಬಹುದು. ಇಂತಹ ದೋಷವು ಹಸುರು ಲೇಪದ ಕೆಳಗೆ ಅಡಗಿರುವುದರಿಂದ, ತಪ್ಪು ತನ್ನ ರಚನೆಯದೇ ಎಂದು ಭ್ರಮಿಸಿ ಅಭ್ಯಾಸಿಯು ವಾರಗಟ್ಟಲೆ ಬಳಲುವನು. ಕೆಲವರು ಈ ವಿದ್ಯೆಯನ್ನೇ ಬಿಟ್ಟುಬಿಡುವರು.

ಆದುದರಿಂದ ಮೊದಲ ಫಲಕದಲ್ಲಿ ರೇಖೆಗೆ 0.30, ಅಂತರಕ್ಕೆ 0.25 ಮಿಲಿಮೀಟರ್ ಇಡುವುದು ಲೇಸು. ವಿದ್ಯುತ್ತನ್ನು ಒದಗಿಸುವ ಮುಖ್ಯ ರೇಖೆಗಳು 1 ಮಿಲಿಮೀಟರ್ ಇರಲಿ. ಮೇಲಣ ಪದರದಿಂದ ಕೆಳಗಣ ಪದರಕ್ಕೆ ಸಂಬಂಧ ಕಲ್ಪಿಸುವ ರಂಧ್ರವು 0.4, ಅದರ ತಾಮ್ರದ ಬಳೆಯ ಹೊರವ್ಯಾಸವು 0.8 ಆದರೆ ಸುತ್ತಲೂ 0.2 ಉಳಿಯುತ್ತದೆ; ಬೈರಿಗೆಯು ತುಸು ಸರಿದರೂ ಬಳೆಯು ಒಡೆಯದು. ಇಷ್ಟಕ್ಕೆ ಸ್ಥಳವೆಲ್ಲಿ ಎಂಬ ಆಕ್ಷೇಪವು ನಿಲ್ಲದು. ಕಾಲುಗಳ ನಡುವೆ 2.54 ಮಿಲಿಮೀಟರ್ ಇರುವ ಹಳೆಯ ಮಾದರಿಯ ಚಿಪ್ಪಿನಲ್ಲಿ ಬೆಸುಗೆಯ ಬಿಲ್ಲೆಗಳು 1.6ರಷ್ಟಿದ್ದರೆ ನಡುವೆ 0.94 ಉಳಿಯುತ್ತದೆ. ಅಲ್ಲಿ 0.30ರ ರೇಖೆಯನ್ನು ಹಾಯಿಸಿದರೂ ಎರಡು ಪಕ್ಕಗಳಲ್ಲಿ 0.32 ಮಿಗುತ್ತದೆ. (ಮಿಲ್ ಎಂದು ಬರೆದಿದ್ದರೆ ಅದು ಅಂಗುಲದ ಸಾವಿರದಲ್ಲೊಂದು ಭಾಗವೆಂದರಿಯಬೇಕು, ಮಿಲಿಮೀಟರಲ್ಲ. ಈ ಶಬ್ದಸಾಮ್ಯವು ಕೆಡಿಸಿದ ಫಲಕಗಳು ಕಡಮೆಯಲ್ಲ.)

ಕಾಲುಗಳ ಮಧ್ಯದಿಂದ ಮಧ್ಯಕ್ಕೆ 0.5 ಮಿಲಿಮೀಟರ್ ಮಾತ್ರ ಇರುವ ಚಿಪ್ಪು ಬಂದರೆ ಈ ಅಂತರವು ನಡೆಯದು. ಅಂದಮಾತ್ರಕ್ಕೆ ಫಲಕದ ನಿಯಮವನ್ನೆಲ್ಲ ಸಡಿಲಿಸುವುದು ಅವಿವೇಕ. ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗವನ್ನು ಅಪವಾದವು ತನ್ನ ವಿಷಯದಲ್ಲಿ ಮಾತ್ರ ಬಾಧಿಸುವಂತೆ, ಆ ಚಿಪ್ಪಿನ ಸುತ್ತಮಾತ್ರ 0.15ರ ಅಪವಾದವನ್ನು ವಿಧಿಸಿದರೆ ಸಾಕು; ಕೀಕ್ಯಾಡ್ ತಂತ್ರಾಂಶದಲ್ಲಿ ಇದಕ್ಕೆ ಅವಕಾಶವುಂಟು.

ಇವೆಲ್ಲವೂ 5 ಅಥವಾ 12 ವೋಲ್ಟುಗಳ ಫಲಕಕ್ಕೆ ಸಲ್ಲುವ ಮಾತು. ಮನೆಯ 230 ವೋಲ್ಟುಗಳ ವಿದ್ಯುತ್ತಿಗೆ ಅಂತರವನ್ನು ಹಲವು ಮಿಲಿಮೀಟರುಗಳಲ್ಲಿ ಎಣಿಸಬೇಕಾದುದರಿಂದ, ಅದನ್ನು ಮೊದಲ ಫಲಕಕ್ಕೆ ತರಲೇಬಾರದು.