ಉದ್ಯೋಗ ಕೊಡಿಸುವವರ ನಿಜವಾದ ಬಂಡವಾಳ

ಬೆಳಗಿನ ಏಳು ಗಂಟೆಗೆ ಡೊಂಬಿವಲಿ ನಿಲ್ದಾಣದ ಮೇಲ್ಸೇತುವೆಯ ಮೇಲೆ ನಿಂತು ನೋಡಿದವರಿಗೆ ನಮ್ಮ ಉಪನಗರಗಳ ಬದುಕು ಎಂಥದೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಕಲ್ಯಾಣದಿಂದ ಥಾಣೆಗೆ, ಥಾಣೆಯಿಂದ ಐರೋಲಿ, ವಾಶಿ, ಬೇಲಾಪುರಗಳಿಗೆ ಹರಿದು ಹೋಗುವ ಆ ಜನಪ್ರವಾಹದಲ್ಲಿ ಬಹುಮಂದಿ ಯಾವುದಾದರೊಂದು ಉದ್ಯೋಗದ ಕಡೆಗೆ ಧಾವಿಸುತ್ತಿರುತ್ತಾರೆ. ಆ ಉದ್ಯೋಗವನ್ನು ಅವರಿಗೆ ದೊರಕಿಸಿಕೊಟ್ಟವರು ಯಾರು, ಯಾವ ಮಾತನ್ನು ನಂಬಿ ಅವರು ಅಲ್ಲಿಗೆ ಸೇರಿದರು ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ನಮ್ಮ ಹಿರಿಯರು ಮುಂಬಯಿಗೆ ಬಂದ ಕಾಲದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವೃತ್ತಿಯವರಿರಲಿಲ್ಲ. ದಕ್ಷಿಣ ಕನ್ನಡದ ಹಳ್ಳಿಯಿಂದ ಹೊರಟ ಹುಡುಗನ ಕೈಯಲ್ಲಿ ಊರಿನ ಹಿರಿಯರೊಬ್ಬರ ಕಾಗದವಿರುತ್ತಿತ್ತು. ಅದನ್ನು ಓದಿ ಹೋಟೆಲಿನ ಧಣಿಗಳು ಅವನನ್ನು ಕೆಲಸಕ್ಕಿಟ್ಟುಕೊಳ್ಳುತ್ತಿದ್ದರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲಕ್ಕೆ ಈ ಪದ್ಧತಿ ನಮ್ಮವರಲ್ಲಿ ಚೆನ್ನಾಗಿ ಬೇರೂರಿತ್ತು. ಹುಡುಗ ಕಳ್ಳನಾದರೆ ಕಾಗದ ಬರೆದವರ ಮರ್ಯಾದೆ ಹೋಗುತ್ತಿತ್ತು. ಧಣಿ ಸಂಬಳ ಕೊಡದಿದ್ದರೆ ಆಗಲೂ ಹುಡುಗನ ತಾಯಿ ಬಂದು ಕೇಳುತ್ತಿದ್ದುದು ಅವರನ್ನೇ. ಎರಡೂ ಕಡೆಗೆ ಉತ್ತರ ಹೇಳಬೇಕಾದ ಈ ಹೊಣೆಯೇ ಆ ಕಾಗದದ ಬೆಲೆಯಾಗಿತ್ತು.

ಕಾಲ ಬದಲಾಯಿತು. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ಖಾರಿಯ ಆಚೆ ಹೊಸ ನಗರವೊಂದು ಎದ್ದಿತು. ಥಾಣೆ–ಬೇಲಾಪುರ ಪಟ್ಟಿಯಲ್ಲಿ ರಾಸಾಯನಿಕ ಮತ್ತು ಔಷಧಿ ಕಾರ್ಖಾನೆಗಳು ಬಂದವು. ಮುಂದೆ ಐರೋಲಿ, ಮಹಾಪೆಗಳಲ್ಲಿ ಗಣಕಯಂತ್ರದ ಕಂಪೆನಿಗಳು ನೆಲೆಯೂರಿದವು. ಥಾಣೆ, ನವಿಮುಂಬಯಿಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು ತಲೆಯೆತ್ತಿದವು. ಈ ಸಂಸ್ಥೆಗಳಿಗೆ ಬೇಕಾದ ಶುಶ್ರೂಷಕಿ, ಪ್ರಯೋಗಾಲಯದ ತಂತ್ರಜ್ಞ, ಔಷಧಿ ರಸಾಯನಶಾಸ್ತ್ರಜ್ಞ ಮೊದಲಾದವರನ್ನು ಊರಿನ ಕಾಗದದಿಂದ ಆರಿಸಲು ಸಾಧ್ಯವಿಲ್ಲ. ಹೀಗಾಗಿ ಒಂದೊಂದು ಕ್ಷೇತ್ರವನ್ನೇ ಆಳವಾಗಿ ಬಲ್ಲ ನೇಮಕಾತಿ ಸಲಹೆಗಾರರೆಂಬ ಹೊಸ ವರ್ಗ ಹುಟ್ಟಿಕೊಂಡಿತು. ನಾವು ‘ಪ್ಲೇಸ್‌ಮೆಂಟ್‌ನವರು’ ಎಂದು ಕರೆಯುವುದು ಇವರನ್ನೇ.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ವೃತ್ತಿಯ ಲೆಕ್ಕಪತ್ರ ಕುತೂಹಲಕರವಾಗಿ ಕಾಣುತ್ತದೆ. ಪ್ರಾಮಾಣಿಕ ಸಲಹೆಗಾರರಿಗೆ ಶುಲ್ಕ ಕೊಡುವುದು ಉದ್ಯೋಗದಾತ ಸಂಸ್ಥೆ. ವಾರ್ಷಿಕ ವೇತನದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಸಾಮಾನ್ಯವಾಗಿ ರೂಢಿಯಲ್ಲಿರುವ ದರ. ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಮಾತ್ರ ಆ ಹಣ ಬರುತ್ತದೆ. ಎರಡು ಮೂರು ತಿಂಗಳೊಳಗೆ ಅವನು ಬಿಟ್ಟುಹೋದರೆ ಅನೇಕ ಒಪ್ಪಂದಗಳ ಪ್ರಕಾರ ಬೇರೊಬ್ಬನನ್ನು ಉಚಿತವಾಗಿ ಒದಗಿಸಬೇಕಾಗುತ್ತದೆ. ಹಣ ಕೊಡುವವರು ಒಂದು ಕಡೆ. ತಪ್ಪು ಆಯ್ಕೆಯಿಂದ ಬದುಕೇ ಏರುಪೇರಾಗುವವರು ಇನ್ನೊಂದು ಕಡೆ. ಹೇಗಾದರೂ ಮಾಡಿ ಸೇರಿಸಿಬಿಡೋಣ ಎಂಬ ಆಸೆ ಹುಟ್ಟುವುದು ಇಲ್ಲಿಯೇ. ನಂಬಿಕೆ ಮುರಿಯುವುದೂ ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಮಧ್ಯವಯಸ್ಸಿನ ಕನ್ನಡಿಗರೊಬ್ಬರು ಸಾಲ ಕೇಳಿಕೊಂಡು ಬಂದರು. ಮಗಳು ಕರ್ನಾಟಕದಲ್ಲಿ ನರ್ಸಿಂಗ್ ಮುಗಿಸಿ ಬಂದಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಕೊಡಿಸುವುದಾಗಿ ಹೇಳಿದ ಏಜೆನ್ಸಿಯೊಂದಕ್ಕೆ ಅರವತ್ತು ಸಾವಿರ ರೂಪಾಯಿ ಕಟ್ಟಬೇಕಾಗಿತ್ತು.

“ರಶೀದಿ ಕೊಡುತ್ತಾರೆಯೇ?” ಎಂದು ಕೇಳಿದೆ.

“ಕೆಲಸವಾದ ಮೇಲೆ ಕೊಡುತ್ತಾರಂತೆ ಸಾರ್” ಎಂದರು.

ರಶೀದಿಯಿಲ್ಲದ ಹಣದ ವಿಷಯದಲ್ಲಿ ನಮ್ಮಲ್ಲಿ ಗಾದೆಯೇ ಇದೆಯಷ್ಟೆ: ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಒಂದು ವಾರ ತಡೆಯಿರಿ ಎಂದು ಹೇಳಿ, ಆಸ್ಪತ್ರೆಗಳಿಗೆ ಮಾತ್ರ ಸಿಬ್ಬಂದಿ ಒದಗಿಸುವ, ಡೊಂಬಿವಲಿಯ ಒಂದೇ ಕೋಣೆಯಲ್ಲಿ ಕಛೇರಿ ನಡೆಸುತ್ತಿದ್ದ ಮಹಿಳೆಯೊಬ್ಬರ ಬಳಿಗೆ ಅವರನ್ನು ಕಳುಹಿಸಿದೆ.

ಆ ಮಹಿಳೆ ಮೊದಲು ಕೇಳಿದ್ದು ಅಂಕಪಟ್ಟಿಯನ್ನಲ್ಲ, ನೋಂದಣಿ ಪತ್ರವನ್ನು. ಹುಡುಗಿಯ ಹೆಸರು ಕರ್ನಾಟಕದ ಶುಶ್ರೂಷಾ ಪರಿಷತ್ತಿನಲ್ಲಿ ದಾಖಲಾಗಿತ್ತು. ಮಹಾರಾಷ್ಟ್ರದಲ್ಲಿ ಕೆಲಸ ಮಾಡಲು ಇಲ್ಲಿಯ ಪರಿಷತ್ತಿನ ನೋಂದಣಿ ಅಗತ್ಯವಾಗಿತ್ತು. ಆಗ ಒಂದು ಆಸ್ಪತ್ರೆ ಅವಸರದಲ್ಲಿ ದಾದಿಯರನ್ನು ಹುಡುಕುತ್ತಿತ್ತು. ‘ನೋಂದಣಿ ಆಗಿದೆ’ ಎಂಬ ಒಂದು ಸುಳ್ಳು ಹೇಳಿದ್ದರೆ ಅವರಿಗೆ ಆ ತಿಂಗಳೇ ಶುಲ್ಕ ಬರುತ್ತಿತ್ತು. ಅವರು ಆಸ್ಪತ್ರೆಗೆ ಇದ್ದುದನ್ನು ಇದ್ದ ಹಾಗೆ ತಿಳಿಸಿದರು. ಆಸ್ಪತ್ರೆ ಬೇರೆಯವರನ್ನು ತೆಗೆದುಕೊಂಡಿತು. ಅರ್ಜಿ ಎಲ್ಲಿ ಹಾಕಬೇಕು, ಯಾವ ಕಾಗದಗಳು ಬೇಕು ಎಂಬುದನ್ನು ಹುಡುಗಿಗೆ ಬರೆದುಕೊಟ್ಟು, ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ಕಳುಹಿಸಿದರು. ಕೆಲವು ತಿಂಗಳ ಬಳಿಕ ನೋಂದಣಿ ಕೈಸೇರಿದಾಗ ಅದೇ ಆಸ್ಪತ್ರೆ ಮತ್ತೆ ಅವರನ್ನೇ ಕರೆಯಿತು. ಈ ಸಲ ಹುಡುಗಿಗೆ ಕೆಲಸವಾಯಿತು. ಅವಳ ತಂದೆಗೆ ನಾನು ಸಾಲ ಕೊಡಬೇಕಾಗಿ ಬರಲಿಲ್ಲ. ಕೊಡದೆ ಸಂತೋಷಪಟ್ಟ ಸಾಲಗಳಲ್ಲಿ ಅದೂ ಒಂದು.

ತನಗೆ ನಷ್ಟವಾಗುವ ಸತ್ಯವನ್ನು ಸಕಾಲದಲ್ಲಿ, ಎರಡೂ ಕಡೆಯವರಿಗೆ ಹೇಳುವುದೇ ಈ ವೃತ್ತಿಯಲ್ಲಿ ನಂಬಿಕೆ ಗಳಿಸುವ ಮಾರ್ಗ ಎಂದು ನನಗೆ ಅಂದಿನಿಂದ ಮನವರಿಕೆಯಾಯಿತು.

ಅಭ್ಯರ್ಥಿಗೆ ಹೇಳಬೇಕಾದ ಸತ್ಯಗಳು ಹಲವು. ಸಂಬಳದಲ್ಲಿ ಕೈಗೆ ಬರುವುದೆಷ್ಟು, ಭವಿಷ್ಯನಿಧಿ ಮುಂತಾದವುಗಳಿಗೆ ಕಡಿತವೆಷ್ಟು, ಹಿಂದಿನವರು ಆ ಕೆಲಸ ಏಕೆ ಬಿಟ್ಟರು, ಪಾಳಿ ಯಾವುದು ಎಂಬುದೆಲ್ಲ ಮೊದಲೇ ತಿಳಿಯಬೇಕು. ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಮನೆ ಯಾವ ನಿಲ್ದಾಣದ ಬಳಿ? 2004ರಲ್ಲಿ ಆರಂಭವಾದ ಥಾಣೆ–ವಾಶಿ ಟ್ರಾನ್ಸ್‌ಹಾರ್ಬರ್ ರೈಲಿನಿಂದ ಕಲ್ಯಾಣ, ಡೊಂಬಿವಲಿಯವರಿಗೆ ನವಿಮುಂಬಯಿ ಹತ್ತಿರವಾಯಿತು ನಿಜ. ಆದರೆ ಥಾಣೆಯಲ್ಲಿ ಇಳಿದು ಗಾಡಿ ಬದಲಿಸುವ ದೈನಂದಿನ ಹೋರಾಟ ತಪ್ಪಲಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಪ್ರಯಾಣಿಕರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡ ದುರಂತವನ್ನು ನಾವು ಮರೆಯುವಂತಿಲ್ಲ. ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಮರಳುವ ದಾದಿಗೆ, ಎರಡು ಸಾವಿರ ರೂಪಾಯಿ ಹೆಚ್ಚು ಸಂಬಳಕ್ಕಿಂತ ಮನೆಗೆ ಹತ್ತಿರದ ಆಸ್ಪತ್ರೆಯೇ ಲೇಸೆಂದು ಹೇಳುವ ಸಲಹೆಗಾರ ಅವಳ ಆರೋಗ್ಯವನ್ನೂ ಕಾಪಾಡಿದಂತೆ.

ಕಾರ್ಖಾನೆಯ ಕೆಲಸಕ್ಕೂ ಈ ಮಾತು ಅನ್ವಯಿಸುತ್ತದೆ. ಡೊಂಬಿವಲಿಯ ಔದ್ಯೋಗಿಕ ವಸಾಹತಿನಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಸಂಭವಿಸಿದ ಸ್ಫೋಟಗಳ ಸದ್ದು ನಮ್ಮಲ್ಲಿ ಅನೇಕರ ಮನೆಯ ಕಿಟಕಿಗಳಿಗೂ ತಟ್ಟಿತ್ತು. ರಾಸಾಯನಿಕ ಉದ್ಯಮಕ್ಕೆ ಜನರನ್ನು ಒದಗಿಸುವವರು ಒಮ್ಮೆಯಾದರೂ ಆ ಕಾರ್ಖಾನೆಯೊಳಗೆ ಹೋಗಿ, ಅಲ್ಲಿಯ ಸುರಕ್ಷಾ ವ್ಯವಸ್ಥೆಯನ್ನು ಕಣ್ಣಾರೆ ಕಂಡು ಬರುವುದು ಒಳ್ಳೆಯದು.

ಗೋಪ್ಯತೆಯ ಪಾಲನೆ ಇನ್ನೊಂದು ಹೊಣೆ. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಅವನ ಬಯೋಡಾಟಾವನ್ನು ಹತ್ತು ಕಡೆ ಹಂಚಿದರೆ, ಅದು ಈಗಿನ ಮಾಲೀಕರ ಮೇಜಿಗೇ ತಲಪಿ ಇದ್ದ ಕೆಲಸವೂ ಹೋದೀತು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ 2023ರಲ್ಲಿ ಕಾನೂನು ಅಂಗೀಕಾರವಾದುದು ಸ್ವಾಗತಾರ್ಹ. ಆದರೆ ಕಾನೂನಿಗೆ ಮೊದಲೇ ಸೌಜನ್ಯವೆಂಬುದೊಂದಿದೆ. ಆಯ್ಕೆಯಾಗದವರಿಗೂ ‘ಆಗಲಿಲ್ಲ, ಕಾರಣ ಇಂತಿಂಥದು’ ಎಂದು ತಿಳಿಸುವುದು ಆ ಸೌಜನ್ಯದ ಭಾಗ. ಫೋನಿನ ಮುಂದೆ ಹದಿನೈದು ದಿನ ಕಾದು ಕುಳಿತವನಿಗೆ ಮೌನಕ್ಕಿಂತ ನಿರಾಕರಣೆಯೇ ಮೇಲು.

ಸಂಸ್ಥೆಗಳ ವಿಶ್ವಾಸ ಗಳಿಸುವುದೂ ಸುಲಭವಲ್ಲ. ಇಪ್ಪತ್ತು ಬಯೋಡಾಟಾ ಕಳುಹಿಸುವವರಿಗಿಂತ, ಪರೀಕ್ಷಿಸಿ ಮೂರನ್ನೇ ಕಳುಹಿಸಿ, ‘ಈತನಿಗೆ ಅನುಭವ ಕಡಿಮೆ, ಈಕೆ ಕೆಲಸ ಬಿಡಲು ಮೂರು ತಿಂಗಳ ಸೂಚನೆ ಕೊಡಬೇಕಾಗುತ್ತದೆ’ ಎಂದು ಮೊದಲೇ ಹೇಳುವವರಿಗೆ ಬೆಲೆ ಹೆಚ್ಚು. ತಾವೇ ಸೇರಿಸಿದವರನ್ನು ಆರು ತಿಂಗಳಲ್ಲಿ ಬೇರೆಡೆಗೆ ಎಳೆಯುವ ಸಲಹೆಗಾರರನ್ನು ಯಾವ ಸಂಸ್ಥೆ ಎರಡನೆಯ ಸಲ ಕರೆದೀತು? ಆದರೆ ಹಣ ಕೊಡುವವರ ಎಲ್ಲ ಬೇಡಿಕೆಗೂ ತಲೆಯಾಡಿಸಬೇಕೆಂದಿಲ್ಲ. ಉದಾಹರಣೆಗೆ, ಕೆಲಸಕ್ಕೆ ಸೇರಲು ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ಇಡುವುದನ್ನು 2017ರ ಕಾನೂನು ನಿಷೇಧಿಸಿದೆ. ಇದನ್ನು ವಿನಯದಿಂದ ತಿಳಿಸಿಕೊಡುವ ಸಲಹೆಗಾರ ಸಂಸ್ಥೆಯನ್ನೂ ತೊಂದರೆಯಿಂದ ಪಾರುಮಾಡುತ್ತಾನೆ.

ನಂಬಿಕೆ ಕೆಟ್ಟರೆ ಏನಾಗುತ್ತದೆಂಬುದಕ್ಕೆ 2015ರ ಕುವೈತ್ ದಾದಿಯರ ಪ್ರಕರಣವೇ ಸಾಕ್ಷಿ. ಒಬ್ಬೊಬ್ಬರಿಂದ 19,500 ರೂಪಾಯಿ ಪಡೆಯಬೇಕಾಗಿದ್ದ ಕಡೆ ಕೊಚ್ಚಿಯ ಏಜೆನ್ಸಿಯೊಂದು ಸುಮಾರು 19.5 ಲಕ್ಷ ರೂಪಾಯಿ ಪಡೆಯಿತೆಂಬ ಆರೋಪದ ಮೇಲೆ ಸಿ.ಬಿ.ಐ. ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರಕಾರವು ಕೊಲ್ಲಿ ದೇಶಗಳೂ ಸೇರಿದಂತೆ ಹದಿನೆಂಟು ದೇಶಗಳಿಗೆ ದಾದಿಯರ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳಿಗೇ ಮೀಸಲಿಟ್ಟಿತು. ಕೆಲವರ ದುರಾಸೆಯಿಂದ ಪ್ರಾಮಾಣಿಕರ ಅಂಗಡಿಯ ಬಾಗಿಲೂ ಮುಚ್ಚಿತು. ವಿದೇಶದ ಉದ್ಯೋಗಕ್ಕೆ ಹೊರಡುವವರು ಏಜೆಂಟರ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರಿಶೀಲಿಸಬೇಕು. ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ ಮೂವತ್ತು ಸಾವಿರ ರೂಪಾಯಿ ಮತ್ತು ತೆರಿಗೆ ಎಂಬುದನ್ನು ನೆನಪಿಡಬೇಕು. ದೇಶದೊಳಗಿನ ಉದ್ಯೋಗಕ್ಕೂ ಲಿಖಿತ ನೇಮಕಾತಿ ಪತ್ರವಿಲ್ಲದೆ ಸೇರಬಾರದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯಗೊಳಿಸಿವೆ.

ಹಾಗೆಂದು ದೋಷವೆಲ್ಲ ಏಜೆಂಟರದೇ ಎಂದು ನಾನು ಹೇಳಲಾರೆ. ನಾನೇ ಒಮ್ಮೆ, ನಮ್ಮ ಊರಿನವನೆಂಬ ಒಂದೇ ಕಾರಣಕ್ಕೆ, ಸರಿಯಾಗಿ ಪರಿಚಯವಿಲ್ಲದ ಹುಡುಗನೊಬ್ಬನ ವಿಷಯದಲ್ಲಿ ಮಿತ್ರರೊಬ್ಬರಿಗೆ ಒಳ್ಳೆಯ ಮಾತು ಹೇಳಿದೆ. ಹತ್ತೇ ದಿನಗಳಲ್ಲಿ ಅವನು ಹೇಳದೆ ಕೇಳದೆ ಕೆಲಸ ಬಿಟ್ಟ. ಮಿತ್ರರು ನನ್ನನ್ನು ಆಕ್ಷೇಪಿಸಲಿಲ್ಲ. ಆದರೆ ಆಮೇಲೆ ಯಾರ ವಿಷಯದಲ್ಲೂ ನನ್ನ ಅಭಿಪ್ರಾಯ ಕೇಳಲಿಲ್ಲ. ನಮ್ಮ ಸಂಘಗಳಲ್ಲಿ ‘ನಮ್ಮವನು, ಸ್ವಲ್ಪ ನೋಡಿಕೊಳ್ಳಿ’ ಎನ್ನುವ ಮೊದಲು ಹಿರಿಯರು ಇದನ್ನು ಯೋಚಿಸಬೇಕು. ಕೆಲಸಕ್ಕೆ ಬರುತ್ತೇನೆಂದು ಒಪ್ಪಿ, ಕೊನೆಯ ದಿನ ಫೋನ್ ಎತ್ತದಿರುವ ನಮ್ಮ ತರುಣರೂ ಯೋಚಿಸಬೇಕು. ಅವರ ಮಾತಿನ ಮೇಲೆ ಇನ್ನೊಬ್ಬರ ಮರ್ಯಾದೆ ನಿಂತಿರುತ್ತದೆ.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಿಂದಲೂ ಉಳಿತಾಯ ಮಾಡಬಹುದೆಂದು ಬಡವರಿಗೆ ತೋರಿಸಿಕೊಟ್ಟಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮನೆಬಾಗಿಲಿಗೆ ಬಂದು ಎರಡಾಣೆ ಎಣಿಸಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದ ಏಜೆಂಟನ ನೆನಪು ಮಾತ್ರ ನಮ್ಮ ಹಿರಿಯರಲ್ಲಿ ಉಳಿದಿದೆ. ಜನ ಹಣ ಕೊಡುತ್ತಿದ್ದುದು ಅವನು ನಿನ್ನೆಯ ಎರಡಾಣೆಯನ್ನೂ ಸರಿಯಾಗಿ ಬರೆದಿದ್ದನೆಂಬ ಕಾರಣಕ್ಕೆ. ಉದ್ಯೋಗ ಕೊಡಿಸುವವರ ಬಂಡವಾಳವೂ ಹೀಗೆಯೇ, ದಿನಕ್ಕೊಂದು ಸಣ್ಣ ಸತ್ಯವಾಗಿ ಜಮೆಯಾಗುತ್ತದೆ. ತೆಗೆದುಬಿಡಲು ಒಂದು ಸುಳ್ಳು ಸಾಕು.

ನಮ್ಮ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳ ಉದ್ಯೋಗಕ್ಕಾಗಿ ಯಾರಿಗಾದರೂ ಹಣ ಕೊಡುವ ಮೊದಲು ರಶೀದಿ ಕೇಳಿರಿ, ಕೆಲಸದ ತೊಡಕುಗಳನ್ನು ಕೇಳಿರಿ. ಯಾವ ತೊಡಕೂ ಇಲ್ಲವೆನ್ನುವವರ ಬಳಿ ಸ್ವಲ್ಪ ಜಾಗರೂಕರಾಗಿರಿ.