ಸ್ಟೈಪೆಂಡರಿಯಿಂದ ಯುವನಿಧಿಯವರೆಗೆ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾಗಿ, 1972ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು ಅವರನ್ನು ಭೂಸುಧಾರಣೆಯ ಹೆಸರಿನಲ್ಲಿ ನೆನೆಯುವವರೇ ಹೆಚ್ಚು. ಓದಿಯೂ ಕೆಲಸ ಸಿಗದವರ ಹೊಣೆಯನ್ನು ಸರ್ಕಾರ ಹೊತ್ತುಕೊಂಡದ್ದು ಅದೇ ಆಡಳಿತದಲ್ಲಿ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅರಸು ಅವರ ಸ್ಟೈಪೆಂಡರಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳ ಭತ್ಯೆ ಕೊಟ್ಟು ಅವರನ್ನು ಸರ್ಕಾರಿ ಕಚೇರಿಗಳ ಕೆಲಸಕ್ಕೆ ಹಚ್ಚಿತು, ಹಾಗೆ ಸೇರಿದ ಹಲವರು ಮುಂದೆ ಕಾಯಂ ನೌಕರರೂ ಆದರು. ಭತ್ಯೆ ನಿಂತ ಮೇಲೆ ಏನು ಎಂಬ ಪ್ರಶ್ನೆಗೆ ಆ ಯೋಜನೆಯೊಳಗೇ ಉತ್ತರವಿತ್ತು.

ಇದೇ ದಶಕದಲ್ಲಿ ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. 1972ರ ಬರದ ಕಾಲದಲ್ಲಿ ಬೆಳೆದ ಅಲ್ಲಿನ ಉದ್ಯೋಗ ಖಾತ್ರಿ ಯೋಜನೆ, ಕೆಲಸ ಕೇಳಿದವರಿಗೆ ಕೊಡಲಾಗದಿದ್ದರೆ ಸರ್ಕಾರವೇ ಭತ್ಯೆ ತೆರಬೇಕೆಂಬ ತತ್ವವನ್ನು ಕಾನೂನಿಗೆ ತಂದಿತು; 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ, ಅಂದರೆ ನರೇಗಾ, ಅದನ್ನೇ ದೇಶಕ್ಕೆ ವಿಸ್ತರಿಸಿತು. ಮೈಸೂರು ಜಿಲ್ಲೆಗೆ ಅದು ಬಂದದ್ದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್‌ನಲ್ಲಿ. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭತ್ಯೆ ಕೊಡಬೇಕೆಂದು ಆ ಕಾಯ್ದೆ ವಿಧಿಸಿತು. ರಾಜ್ಯದ 2025-26ರ ಕೂಲಿ 370 ರೂಪಾಯಿಯ ಲೆಕ್ಕದಲ್ಲಿ ಅದು ದಿನಕ್ಕೆ 92.50, ನಂತರ 185 ರೂಪಾಯಿ. ಆದರೆ ಈ ಹಕ್ಕೆಲ್ಲ ನಿಂತಿದ್ದು ನಮೂನೆ 6ರ ಅರ್ಜಿ ಸಲ್ಲಿಸಿದಾಗ ಪಂಚಾಯಿತಿ ಕೊಡಬೇಕಾದ, ದಿನಾಂಕ ನಮೂದಿಸಿದ ಒಂದು ರಸೀದಿಯ ಮೇಲೆ. ಬಾಯಿಮಾತಿನಲ್ಲಿ ಕೆಲಸ ಕೇಳಿ ಹಿಂದಿರುಗಿದವರಿಗೆ 15 ದಿನಗಳ ಎಣಿಕೆಯೇ ಶುರುವಾಗುತ್ತಿರಲಿಲ್ಲ.

ಮೈಸೂರು ಸೀಮೆಯ ನಿರುದ್ಯೋಗಕ್ಕೆ ಹಂಗಾಮಿನ ಲಯವಿದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಕೀಳುವ, ಬ್ಯಾರನ್ನಿನಲ್ಲಿ ಬೇಯಿಸುವ ತಿಂಗಳುಗಳಲ್ಲಿ ಆಳು ಸಿಗುವುದೇ ಕಷ್ಟ, ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿ, ಕೊಯ್ಲುಗಳ ನಡುವೆ ಬಿಡುವು, ಎಚ್.ಡಿ. ಕೋಟೆಯ ಹಾಡಿಗಳಿಂದ, ಅಂದರೆ ಆದಿವಾಸಿ ನೆಲೆಗಳಿಂದ, ಜೇನುಕುರುಬ, ಯರವ ಕುಟುಂಬಗಳು ಜೀಪು ಹತ್ತಿ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತವೆ. ತೋಟದಲ್ಲಿರುವಾಗ ಊರ ಪಂಚಾಯಿತಿಯಲ್ಲಿ ಕೆಲಸ ಕೇಳುವವರು ಯಾರು? ನರೇಗಾದ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ದಿನಗಳನ್ನು 100ರಿಂದ 125ಕ್ಕೇರಿಸಿ, ಬಿರುಸಿನ ಕೃಷಿ ಹಂಗಾಮಿನಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವುದಕ್ಕೂ ಅವಕಾಶ ಕೊಟ್ಟಿತು. ಒಂದೇ ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಹಂಗಾಮು, ಭತ್ತದ ಹಂಗಾಮು ಬೇರೆ ಬೇರೆಯಾಗಿರುವಲ್ಲಿ ಆ 60 ದಿನಗಳನ್ನು ಆರಿಸುವುದು ಸುಲಭದ ಕೆಲಸವಲ್ಲ.

ಕೆಲಸ ಕಳೆದುಕೊಂಡ, ಇಎಸ್‌ಐ ವಿಮೆಯುಳ್ಳ ಕಾರ್ಖಾನೆ ಕಾರ್ಮಿಕರಿಗೆ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಿದೆಯಾದರೂ ಅದರ ನೆರವು 90 ದಿನಗಳಿಗೆ ಮುಗಿಯುತ್ತದೆ.

ಪದವೀಧರರ ಸರದಿ ಮತ್ತೆ ಬಂದದ್ದು ಯುವನಿಧಿಯೊಂದಿಗೆ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭಿಸಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ, 2022-23ರಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವುದಾಗಿ ಹೇಳಿತು. ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಇನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂಘೋಷಣೆ: ಇವಿಷ್ಟೂ ಸರಿಯಿದ್ದರೆ ಹಣ ನೇರ ಖಾತೆಗೆ. ಘೋಷಣೆ ಮರೆತರೆ ಹಣವೂ ಇಲ್ಲ.

ಕಂತು ತಪ್ಪದಿದ್ದರೆ ಎರಡು ವರ್ಷಕ್ಕೆ ಪದವೀಧರರ ಪಾಲಿಗೆ ಒಟ್ಟು 72,000 ರೂಪಾಯಿ. ಹಳ್ಳಿಯಿಂದ ಮೈಸೂರಿಗೆ ಹೋಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರಿಗೆ ಇದು ಕೊಠಡಿ ಬಾಡಿಗೆಗೋ ಪುಸ್ತಕಕ್ಕೋ ಆದೀತು. ನಿಯಮಗಳ ಇಕ್ಕಟ್ಟು ಇರುವುದು ಬೇರೆ ಕಡೆ: ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಯುವನಿಧಿ ಇಲ್ಲ, ಸ್ವಂತ ಉದ್ಯೋಗ ಹಿಡಿದವರಿಗೂ ಇಲ್ಲ. ಭತ್ಯೆ ಮುಗಿದ ಮೇಲಿನ ಬದುಕಿಗೆ ಪದವೀಧರರು ಸಾಮಾನ್ಯವಾಗಿ ಹುಡುಕುವ ದಾರಿಗಳು ಬಿ.ಇಡಿ., ಎಂ.ಎ. ಅಥವಾ ಸಣ್ಣದೊಂದು ಅಂಗಡಿ. ಇವುಗಳಲ್ಲಿ ಯಾವುದಕ್ಕೆ ಕಾಲಿಟ್ಟರೂ ಭತ್ಯೆ ಅಂದೇ ನಿಲ್ಲುತ್ತದೆ. ಆದ್ದರಿಂದ ಕೊನೆಯ ಕಂತಿನ ತಿಂಗಳನ್ನು ಮೊದಲೇ ಲೆಕ್ಕಹಾಕಿ, ಕೋರ್ಸಿನ ಪ್ರವೇಶವನ್ನೋ ಸಾಲದ ಅರ್ಜಿಯನ್ನೋ ಅದರಾಚೆಗೆ ಹೊಂದಿಸಿಕೊಳ್ಳುವುದೋ, ಕಂತು ಬಿಟ್ಟುಕೊಟ್ಟು ಈಗಲೇ ಸೇರುವುದೋ ಎಂಬ ಆಯ್ಕೆ ಫಲಾನುಭವಿಯ ಪಾಲಿಗೆ ಬಂದಿದೆ. ಪ್ರವೇಶ ತೆರೆಯುವುದು ವರ್ಷಕ್ಕೊಮ್ಮೆಯಾದ್ದರಿಂದ 3,000 ರೂಪಾಯಿಗಾಗಿ ಒಂದು ವರ್ಷ ಕಾಯುವುದಕ್ಕಿಂತ ಬಿಟ್ಟುಕೊಡುವುದೇ ಅನೇಕರಿಗೆ ಲಾಭ.